ವರ್ಮೆಂಟಿನೊ ಟ್ಯಾಂಕಿನ ವಾಸನೆ

ನಮ್ಮ ತೋಟದ ವರ್ಮೆಂಟಿನೊ ಬಳ್ಳಿಗಳು ಮೊದಲ ಸಲ ಒಂದು ಟ್ಯಾಂಕು ತುಂಬುವಷ್ಟು ಫಸಲು ಕೊಟ್ಟ ವರ್ಷ, ಮಾಲೀಕರು ಇಟಲಿಯಿಂದ ಒಬ್ಬ ಸಲಹೆಗಾರರನ್ನು ಕರೆಸಿದರು. ವರ್ಮೆಂಟಿನೊ ಬಿಳಿ ವೈನಿನ ದ್ರಾಕ್ಷಿ. ಲಿಗುರಿಯಾದ ಕಡಿದಾದ ಗುಡ್ಡಗಳಿಂದ ಹಿಡಿದು ಸಾರ್ಡಿನಿಯಾ ದ್ವೀಪದವರೆಗೆ, ಇಟಲಿಯಲ್ಲಿ ಕಡಲ ಗಾಳಿ ಬಡಿಯುವ ಕಡೆಗಳಲ್ಲಿ ಅದನ್ನು ಬೆಳೆಯುತ್ತಾರೆ. ಮಾಲೀಕರು ಒಮ್ಮೆ ಸಾರ್ಡಿನಿಯಾಕ್ಕೆ ಹೋಗಿದ್ದಾಗ ದಂಡೆಯ ಮೇಲಿನ ಯಾವುದೋ ಹೋಟೆಲಿನಲ್ಲಿ ಮೀನಿನ ಜೊತೆ ಆ ವೈನ್ ಕುಡಿದಿದ್ದರು. ಅದರ ರುಚಿ ಮರೆಯಲಾಗದೆ, ವಾಪಸು ಬಂದವರೇ ದೊಡ್ಡಬಳ್ಳಾಪುರದ ಕೆಂಪು ಮಣ್ಣಿನಲ್ಲಿ ಸಸಿ ನೆಡಿಸಿಬಿಟ್ಟರು. ನಮ್ಮಲ್ಲಿ ಸಮುದ್ರ ಎಲ್ಲಿಂದ ಬರಬೇಕು? ನಂದಿ ಬೆಟ್ಟದ ಕಡೆಯಿಂದ ರಾತ್ರಿ ಇಳಿದುಬರುವ ತಂಪೊಂದೇ ನಮಗಿದ್ದ ಅನುಕೂಲ.

ಅಲ್ಲಿ ನಾನು ಸೆಲ್ಲಾರ್ ಉಸ್ತುವಾರಿ. ಹಣ್ಣು ಬಂದಾಗಿನಿಂದ ಬಾಟಲಿಗೆ ತುಂಬುವವರೆಗಿನ ಕೆಲಸವೆಲ್ಲ ನನ್ನದು. ಸಲಹೆಗಾರರು ಬರುವ ಮುನ್ನ ಮಾಲೀಕರು ನನ್ನನ್ನೂ ತೋಟದ ಮೇಸ್ತ್ರಿಯನ್ನೂ ಕೂರಿಸಿಕೊಂಡು ಒಂದು ಮಾತು ಹೇಳಿದ್ದರು.

"ನೋಡಿ, ಈ ಸಲ ಒಂದು ಒಳ್ಳೆ ವೈನ್ ಆದ್ರೆ ಸರಿ. ಇಲ್ಲಾಂದ್ರೆ ಆ ಬಳ್ಳಿಗಳ ತಲೆ ಕಡಿಸಿ, ಬೇರೆ ತಳಿ ಕಸಿ ಕಟ್ಟಿಸ್ತೀನಿ. ಆಮೇಲೆ ಯಾರೂ ಬೇಜಾರು ಮಾಡ್ಕೋಬಾರ್ದು."

ಮೇಸ್ತ್ರಿ ಸೂಲಿಬೆಲೆ ಕಡೆಯವರು. ಅವರ ಮನೆಯಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆದು ಅನುಭವವಿತ್ತು. ವರ್ಮೆಂಟಿನೊ ಸಸಿಗಳು ಚಪ್ಪರ ಬೇಡದೆ ತಂತಿಯ ಸಾಲಿನಲ್ಲಿ ನಿಂತದ್ದು ಅವರ ಕೈಯಲ್ಲೇ. ಆ ಮಾತು ಕೇಳಿ ಅವರು ಎದ್ದು ಹೋದ ರೀತಿಯಲ್ಲೇ ಅವರಿಗೆ ಏನನ್ನಿಸಿತು ಎಂದು ನನಗೆ ಗೊತ್ತಾಯಿತು.

ಸಲಹೆಗಾರರು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಎಪ್ಪತ್ತರ ಆಸುಪಾಸಿನ, ತೆಳ್ಳಗೆ ಎತ್ತರವಾಗಿದ್ದ ಮನುಷ್ಯ. ಲಿಗುರಿಯಾದಲ್ಲಿ, ಸಮುದ್ರಕ್ಕೆ ಎದುರಾಗಿ ಕಲ್ಲಿನ ಗೋಡೆ ಕಟ್ಟಿ ಮೆಟ್ಟಿಲು ಮಾಡಿದ ಗುಡ್ಡದಲ್ಲಿ ಅವರ ಮನೆತನದ ತೋಟ. ಕೊಯ್ದ ಹಣ್ಣನ್ನು ಹೆಗಲ ಮೇಲೆ ಹೊತ್ತು ಇಳಿಸಬೇಕಾದ ಜಾಗವಂತೆ. ಬಂದ ವಾರದೊಳಗೆ ತೋಟದ ಹೆಂಗಸರು ಅವರಿಗೆ 'ಇಟ್ಲಿ ತಾತ' ಎಂದು ಹೆಸರಿಟ್ಟರು. ಅವರು ಅದನ್ನು ಕಲಿತು, ತಮ್ಮನ್ನು ತಾವೇ ಹಾಗೆ ಪರಿಚಯಿಸಿಕೊಳ್ಳತೊಡಗಿದರು. ನಾವಿಬ್ಬರೂ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಇಬ್ಬರದೂ ಓದಿ ಕಲಿತ ಇಂಗ್ಲಿಷ್ ಆದ್ದರಿಂದ ಅವಸರವಿಲ್ಲದೆ, ಪದ ಹುಡುಕಿ ಮಾತಾಡುತ್ತಿದ್ದೆವು.

ಅವರು ತಮ್ಮ ಜೊತೆ ಕೆಲವು ಬಾಟಲಿ ತಂದಿದ್ದರು. ಕೊಯ್ಲಿಗೆ ಮೊದಲು ನನಗೆ ಆ ಕರಾವಳಿಯ ವೈನುಗಳ ಗುರುತು ಆಗಬೇಕೆಂಬುದು ಅವರ ಹಠ. ಒಂದು ಬೆಳಿಗ್ಗೆ ರುಚಿ ನೋಡುವ ಕೋಣೆಯಲ್ಲಿ ಅವನ್ನು ಸಾಲಾಗಿ ನಿಲ್ಲಿಸಿದರು. ಅವರ ಊರಿನ ವರ್ಮೆಂಟಿನೊ, ಸಾರ್ಡಿನಿಯಾದ ಕಗ್ಗಲ್ಲಿನ ನೆಲದ ವರ್ಮೆಂಟಿನೊ, ಆಡ್ರಿಯಾಟಿಕ್ ಕಡೆಯ ವೆರ್ದಿಕ್ಕಿಯೊ, ನೇಪಲ್ಸ್ ಹತ್ತಿರ ಜ್ವಾಲಾಮುಖಿಯ ಬೂದಿ ಬಿದ್ದ ಮಣ್ಣಿನಲ್ಲಿ ಬೆಳೆಯುವ ಫಲಾಂಗಿನಾ, ಸಿಸಿಲಿಯ ಬಿಸಿಲಿನ ಗ್ರಿಲ್ಲೊ. ಒಂದೊಂದನ್ನೂ ಲೋಟಕ್ಕೆ ಹಾಕಿ, ಮೂಗು ಒಳಗಿಟ್ಟು, ಕಣ್ಣು ಮುಚ್ಚಿ ಹೇಳುತ್ತಿದ್ದರು.

"ಇದರಲ್ಲಿ ಗಾಳಿ ಇದೆ. ಉತ್ತರದಿಂದ ಬೀಸೋ ಗಾಳಿ, ದ್ವೀಪದ ಮರಗಳೆಲ್ಲ ಒಂದೇ ಕಡೆ ಬಾಗಿರ್ತಾವೆ. ಆ ಗಾಳಿ ಎಲೆ ಮೇಲಿನ ತೇವ ಒಣಗಿಸುತ್ತೆ, ಅದಕ್ಕೇ ರೋಗ ಕಡಿಮೆ. ಹಣ್ಣಿನ ಸಿಪ್ಪೆ ದಪ್ಪ ಆಗುತ್ತೆ. ಕೊನೇಲಿ ಒಂದು ಕಹಿ, ಹಸಿ ಬಾದಾಮಿ ಕಚ್ಚಿದ ಹಾಗೆ. ಗೊತ್ತಾಯ್ತಾ?"

ಗೊತ್ತಾಗುತ್ತಿತ್ತು. ನಾನು ಬಾಯಿಗೆ ಹಾಕಿ, ತಿರುಗಿಸಿ, ಉಗುಳಿ, ತಲೆಯಾಡಿಸುತ್ತಿದ್ದೆ. ಆದರೆ ವೆರ್ದಿಕ್ಕಿಯೊ ಲೋಟ ಎತ್ತಿದಾಗ ಒದ್ದೆಯಾಗಿ ಮೂಲೆಯಲ್ಲಿ ಬಿದ್ದ ಗೋಣಿಚೀಲದ ಮುಗ್ಗಲು ನನ್ನ ಮೂಗಿಗೆ ಹೊಡೆಯಿತು. ಬಿರಡೆ ಕೆಟ್ಟಿದ್ದರೆ ವೈನಿಗೆ ಆ ವಾಸನೆ ಬರುತ್ತದೆ. ಅವರು ಮಾತ್ರ ಕಣ್ಣು ಮುಚ್ಚಿಕೊಂಡು ಸೋಂಪು, ನಿಂಬೆ ಹೂವು, ಕಡಲು ಎಂದು ಹೇಳುತ್ತಲೇ ಇದ್ದರು.

"ಸರ್, ಇದು ಸ್ವಲ್ಪ ಮುಗ್ಗಲು ಅನ್ನಿಸ್ತಿಲ್ವಾ?"

ಅವರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಅದು ನಿಧಾನವಾಗಿ ಬಿಚ್ಚಿಕೊಳ್ಳೋ ವೈನು. ಸ್ವಲ್ಪ ಹೊತ್ತು ಬಿಡಿ" ಎಂದರು.

ಬಿಟ್ಟೆ. ಹೊತ್ತು ಹೋದಷ್ಟೂ ಮುಗ್ಗಲು ಹೆಚ್ಚಾಯಿತು. ಆ ದೇಶದಲ್ಲೇ ಹುಟ್ಟಿ ಬೆಳೆದವರಿಗಿಂತ, ಮದುವೆ ಮನೆಯಲ್ಲೂ ಮಜ್ಜಿಗೆ ಬಿಟ್ಟು ಬೇರೆ ಮುಟ್ಟದ ನೇಕಾರರ ಮನೆಯಿಂದ ಬಂದ ನನಗೆ ಹೆಚ್ಚು ಗೊತ್ತಿರುತ್ತದೆಯೇ ಎಂದುಕೊಂಡು ಲೋಟ ಕೆಳಗಿಟ್ಟೆ. ನಮ್ಮಪ್ಪ ಇವತ್ತಿಗೂ ನೆಂಟರ ಮುಂದೆ ನನ್ನ ಕೆಲಸವನ್ನು 'ಹಣ್ಣಿನ ರಸದ ಕಂಪನಿ' ಎಂದೇ ಹೇಳುವುದು.

ತೋಟದಲ್ಲಿ ಮಾತ್ರ ಸಲಹೆಗಾರರ ಕೆಲಸ ನೋಡುವಂತಿತ್ತು. ಸಾಲಿನಿಂದ ಸಾಲಿಗೆ ನಡೆದು, ಗೊಂಚಲಿನ ಬಿಸಿಲು ಬೀಳುವ ಬದಿಯಿಂದ ಒಂದು, ನೆರಳಿನ ಬದಿಯಿಂದ ಒಂದು ಹಣ್ಣು ಕಿತ್ತು ಬಾಯಿಗೆ ಹಾಕುವರು. ಮೊದಲು ತಿರುಳು ನುಂಗಿ, ಸಿಪ್ಪೆಯನ್ನು ದವಡೆಯಲ್ಲಿ ಬಹಳ ಹೊತ್ತು ಅಗಿದು, ಬೀಜ ಕಡಿದು ನೋಡುವರು. ನಾನು ಉಪಕರಣದಲ್ಲಿ ಸಕ್ಕರೆ ಅಳೆಯುವ ಮುಂಚೆಯೇ ಅವರು ಹೇಳಿದ ಅಂದಾಜು ಹೆಚ್ಚುಕಡಿಮೆ ಸರಿಯಿರುತ್ತಿತ್ತು. ಹುಳಿ ಎಷ್ಟು ಉಳಿದಿದೆ ಎಂಬುದನ್ನೂ ನಾಲಿಗೆಯಿಂದಲೇ ಹೇಳುತ್ತಿದ್ದರು. ಬಿಳಿ ವೈನಿಗೆ ಹುಳಿಯೇ ಬೆನ್ನೆಲುಬು. ನಮ್ಮ ಕಡೆ ಹಗಲು ಬಿಸಿಲೇರಿದಂತೆ ಅದು ಬೇಗ ಇಳಿದುಹೋಗುತ್ತದೆ. ಅದು ಇಳಿಯುವ ಮೊದಲು, ಆದರೆ ಹಣ್ಣಿಗೆ ಪರಿಮಳ ಕೂಡಿದ ಮೇಲೆ ಕೊಯ್ಯಬೇಕು. ಆ ನಡುವಿನ ಅವಕಾಶ ಬಹಳ ಸಣ್ಣದು.

ಶಿವರಾತ್ರಿ ಹತ್ತಿರವಾದಾಗ ಮೋಡ ಕವಿಯಿತು. ಆ ಹೊತ್ತಿನಲ್ಲಿ ಬರಬಾರದ ಮೋಡ. ಕೆರೆ ಏರಿಯ ಪಕ್ಕದ ತಗ್ಗಿನ ಸಾಲುಗಳಲ್ಲಿ ಗಾಳಿ ಆಡುವುದು ಕಡಿಮೆ. ಅಲ್ಲಿನ ಎಲೆಗಳ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿ ಕಂಡಿತು.

"ಬೂದಿ ರೋಗ, ಮೇಡಂ" ಎಂದರು ಮೇಸ್ತ್ರಿ. "ಮೋಡ ಹಿಂಗೇ ಇದ್ರೆ ಗೊಂಚಲಿಗೂ ಹತ್ಕೊಂಡ್ಬಿಡ್ತದೆ. ಗಂಧಕ ಹೊಡಿಲೇಬೇಕು."

ಗಂಧಕ ಹೊಡೆದರೆ ಆಮೇಲೆ ಕೆಲವು ವಾರ ಕೊಯ್ಯಬಾರದು. ಹಣ್ಣಿನ ಮೇಲೆ ಉಳಿದ ಗಂಧಕ ರಸದೊಳಗೆ ಹೋದರೆ ಈಸ್ಟು ಅದನ್ನು ತಿಂದು ಕೆಟ್ಟ ವಾಸನೆ ಬಿಡುತ್ತದೆ. ಕೊಯ್ಲಿಗೆ ಇನ್ನೂ ಸಮಯವಿದೆ ಎಂದು ನಾವು ಮೂವರೂ ಸೇರಿ ಲೆಕ್ಕ ಹಾಕಿ, ಹೊಡೆಯುವುದೆಂದು ತೀರ್ಮಾನಿಸಿದೆವು. ರೋಗ ನಿಂತಿತು. ಆದರೆ ಹೆಚ್ಚು ದಿನ ಕಳೆಯುವ ಮೊದಲೇ ಮಳೆಯ ಮುನ್ಸೂಚನೆ ಬಂತು. ಸಣ್ಣ ಮಳೆಯಲ್ಲ, ಗುಡುಗಿನ ಮಳೆ. ಹಣ್ಣಾದ ಗೊಂಚಲಿನ ಮೇಲೆ ಅದು ಬಿದ್ದರೆ ಸಿಪ್ಪೆ ಸೀಳಿ ಎಲ್ಲ ಕೊಳೆಯುತ್ತದೆ.

ಸಲಹೆಗಾರರು ಒಂದು ಸುತ್ತು ನಡೆದು, ಹಣ್ಣು ಅಗಿದು ಬಂದು ಹೇಳಿದರು: "ಇನ್ನೊಂದು ವಾರ ಸಿಕ್ಕಿದ್ರೆ ಚೆನ್ನಾಗಿತ್ತು. ಆದ್ರೆ ಮಳೆ ನಮ್ಮನ್ನ ಕೇಳಿ ಬರಲ್ಲ. ಕೊಯ್ಯೋಣ."

ಹೊತ್ತು ಹುಟ್ಟುವ ಮೊದಲೇ ಹೆಂಗಸರು ಕತ್ತರಿ ಹಿಡಿದು ಸಾಲಿಗೆ ಇಳಿದರು. ತಂಪಿರುವಾಗಲೇ ಕ್ರೇಟುಗಳು ಒಳಗೆ ಬರಬೇಕು. ಮೇಜಿನ ಮೇಲೆ ಸುರಿದು, ಎಲೆ, ಕೊಳೆತ ಹಣ್ಣು ಆರಿಸಿ, ತೊಟ್ಟು ಬಿಡಿಸಿ, ಪ್ರೆಸ್ಸಿನಲ್ಲಿ ಮೆತ್ತಗೆ ಹಿಂಡಿದೆವು. ರಸವನ್ನು ತಣ್ಣಗೆ ನಿಲ್ಲಿಸಿ, ಕೆಸರು ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನು ಸ್ಟೀಲ್ ಟ್ಯಾಂಕಿಗೆ ಇಳಿಸಿದೆವು. ಗಂಧಕದ ಹೆದರಿಕೆಗೆ ನಾನು ಎಂದಿಗಿಂತ ಹೆಚ್ಚು ಕೆಸರನ್ನು ಬಿಟ್ಟುಬಿಟ್ಟೆ. ಈಸ್ಟು ಹಾಕಿದೆ. ಮರುದಿನ ಮಳೆ ಬಂತು, ಬೋರೆಂದು ಸುರಿಯಿತು. ಶೀಟಿನ ಮೇಲಿನ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದಿದ್ದರೂ ನಾವೆಲ್ಲ ಖುಷಿಯಾಗಿದ್ದೆವು.

ಆ ಮಳೆಯ ದಿನವೇ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದರು. ಅತಿಥಿ ಕೋಣೆಯಲ್ಲಿ ಸಲಹೆಗಾರರಿಗೆ ಅಡುಗೆ ಮಾಡುತ್ತಿದ್ದವರು ಮೇಸ್ತ್ರಿಯ ಹೆಂಡತಿ.

"ಮೇಡಂ, ನಮ್ಮನೆಯವಳು ಒಂದು ಮಾತು ಹೇಳಿದ್ಲು. ಬೆಳಿಗ್ಗೆ ಸ್ಟೌ ಮೇಲೆ ಹಾಲಿಟ್ಟು ಬಟ್ಟೆ ತರಾಕೆ ಹಿಂದುಗಡೆ ಹೋಗಿದ್ಲಂತೆ. ಬರೋಷ್ಟ್ರಲ್ಲಿ ಹಾಲು ಉಕ್ಕಿ, ಸೀದು, ಮನೆಯೆಲ್ಲಾ ಕಮಟು. ತಾತ ಪಕ್ಕದ ರೂಮಲ್ಲೇ ಕೂತವ್ರೆ, ಆರಾಮಾಗಿ ಓದ್ತಾ. ಗೊತ್ತೇ ಆಗಿಲ್ಲ. ವಯಸ್ಸಾಯ್ತಲ್ಲಾ, ಒಬ್ರೇ ಬಿಡಬಾರ್ದು ಅಂತ ಅಂದ್ಲು."

ನಾನು "ಹೂಂ" ಅಂದೆ. ವೆರ್ದಿಕ್ಕಿಯೊ ಲೋಟ ನೆನಪಾಯಿತು. ಆದರೆ ಅಷ್ಟಕ್ಕೇ ಒಬ್ಬರ ಬಗ್ಗೆ ತೀರ್ಮಾನಕ್ಕೆ ಬರಲು ಮನಸ್ಸು ಒಪ್ಪಲಿಲ್ಲ.

ಹುದುಗು ಏರಿದ ಮೇಲೆ ಒಂದು ಬೆಳಿಗ್ಗೆ ಸೆಲ್ಲಾರಿನ ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತೆ. ಹುದುಗು ಬರುವ ವೈನಿಗೆ ಬ್ರೆಡ್ಡಿನ, ಬಾಳೆಹಣ್ಣಿನ ವಾಸನೆ ಇರಬೇಕು. ಅಲ್ಲಿದ್ದದ್ದು ವಿಜಯಪುರದ ವಾಸನೆ. ನನ್ನ ಅತ್ತೆಯನ್ನು ಕೊಟ್ಟಿರುವುದು ದೇವನಹಳ್ಳಿ ಪಕ್ಕದ ಆ ವಿಜಯಪುರಕ್ಕೆ. ಅವರ ಬೀದಿಯಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಮನೆಗಳಿವೆ. ಬೆಂದ ಹುಳುವಿನ ಆ ಕಮಟು ಒಮ್ಮೆ ಮೂಗಿಗೆ ಹೋದರೆ ಮರೆಯುವುದಿಲ್ಲ. ಟ್ಯಾಂಕಿನಿಂದ ಮಾದರಿ ತೆಗೆಯುವ ನಲ್ಲಿ ತಿರುಗಿಸಿ ಲೋಟಕ್ಕೆ ಹಿಡಿದು ಮೂಸಿದೆ. ಕೊಳೆತ ಮೊಟ್ಟೆ. ಅದರ ಕೆಳಗೆ ಇನ್ನೂ ಏನೋ ಇತ್ತು.

ಅಷ್ಟರಲ್ಲಿ ಸಲಹೆಗಾರರು ಬಂದರು. ನಾನು ಏನೂ ಹೇಳದೆ ಲೋಟ ಅವರ ಕೈಗಿಟ್ಟೆ. ಅವರು ಮೂಗು ಒಳಗಿಟ್ಟು, ಕಣ್ಣು ಮುಚ್ಚಿ, ಒಂದು ಗುಟುಕು ಕುಡಿದರು.

"ಹುಳಿ ಚೆನ್ನಾಗಿ ನಿಂತಿದೆ" ಎಂದರು. "ಕೊನೇಲಿ ಆ ಕಹಿ ಕೂಡ ಇದೆ. ಸಮುದ್ರ ಬರ್ತಾ ಇದೆ."

ಅವರು ಹೇಳಿದ ಹುಳಿ ನಿಜ, ಕಹಿಯೂ ನಿಜ. ನಾಲಿಗೆಗೆ ಸಿಗುವುದಿಷ್ಟೂ ಸರಿಯಿತ್ತು. ಮೂಗಿಗೆ ಸಿಗಬೇಕಾದ್ದು ಒಂದೂ ಇರಲಿಲ್ಲ. ಅವರು ಲೋಟ ವಾಪಸು ಕೊಟ್ಟು, ಚಿಲ್ಲರಿನ ಉಷ್ಣತೆ ನೋಡಿ, ತಲೆಯಾಡಿಸಿ ಹೊರಗೆ ಹೋದರು.

ನಾನು ಟ್ಯಾಂಕಿನ ಮುಂದೆ ಸ್ಟೂಲಿನ ಮೇಲೆ ಕೂತೆ. ಈ ವಾಸನೆಯನ್ನು ಬೇಗ ಓಡಿಸಬೇಕು. ಬಿಟ್ಟರೆ ಅದು ವೈನಿನೊಳಗೆ ಬೇರೆ ರೂಪಕ್ಕೆ ತಿರುಗಿ, ಈರುಳ್ಳಿ, ಸುಟ್ಟ ರಬ್ಬರಿನ ವಾಸನೆಯಾಗಿ ಕೂತುಬಿಡುತ್ತದೆ, ಆಮೇಲೆ ತೆಗೆಯುವುದು ಕಷ್ಟ. ಅವರನ್ನು ಕೇಳದೆ ನಾನೇ ಗಾಳಿಯಾಡಿಸಿ ಸರಿಮಾಡಬಹುದಿತ್ತು. ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ಹಾಗೆ ಅನ್ನಿಸಿದ್ದೇ ತಡ, ಅದು ಸರಿಯಲ್ಲ ಅನ್ನಿಸಿತು. ಮಾಲೀಕರಿಗೆ ಫೋನ್ ಮಾಡಿದರೆ ಆ ಮನುಷ್ಯನ ಬೆನ್ನ ಹಿಂದೆ ಹೇಳಿದಂತೆ. ಎದ್ದು ಅವರ ಹತ್ತಿರವೇ ಹೋದೆ.

ಅತಿಥಿ ಕೋಣೆಯ ಜಗಲಿಯ ಮೇಲೆ ಬೂಟಿನ ಕೆಸರು ಕೆರೆಯುತ್ತ ಕೂತಿದ್ದರು. ನಾನು ಎದುರಿಗೆ ಕೂತು, ಸುತ್ತಿ ಬಳಸದೆ ಕೇಳಿದೆ.

"ಸರ್, ನಿಮಗೆ ವಾಸನೆ ಬರ್ತಿಲ್ಲ ಅಲ್ವಾ?"

ಅವರ ಕೈ ನಿಂತಿತು. ಕೋಪ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ.

"ಏನಾಗಿದೆ ಟ್ಯಾಂಕಿಗೆ?" ಎಂದರು.

"ಮೊಟ್ಟೆ ಕೊಳೆತ ಹಾಗೆ ನಾರ್ತಾ ಇದೆ. ಬಾಗಿಲಲ್ಲೇ ಗೊತ್ತಾಗುತ್ತೆ."

ಅವರು ಬೂಟು ಕೆಳಗಿಟ್ಟು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಆಮೇಲೆ ಹೇಳಿದರು. ಒಂದು ಜ್ವರ, ಎಲ್ಲರಿಗೂ ಬಂದ ಹಾಗೆ ಅವರಿಗೂ ಬಂದು ಹೋಯಿತಂತೆ. ಜ್ವರ ಹೋಯಿತು, ವಾಸನೆ ವಾಪಸು ಬರಲಿಲ್ಲ. ಬರಬಹುದು, ಬರದೆಯೂ ಇರಬಹುದು, ಬಂದರೂ ಮೊದಮೊದಲು ಒಂದರ ವಾಸನೆ ಇನ್ನೊಂದರಂತೆ ಬರಬಹುದು ಎಂದರಂತೆ ವೈದ್ಯರು. ಮನೆಯಲ್ಲಿ ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

"ನಮ್ಮ ಊರಲ್ಲಿ ನನ್ನ ಗುರುತೇ ಮೂಗು" ಎಂದರು. "ಯಾರ ಸೆಲ್ಲಾರಲ್ಲಿ ಏನು ತೊಂದರೆ ಆದ್ರೂ ನನ್ನ ಕರೀತಿದ್ರು. ಇಲ್ಲಿಗೆ ಬರುವಾಗ ಯೋಚಿಸಿದೆ. ನಾಲಿಗೆ ಇದೆ, ಇಷ್ಟು ವರ್ಷದ ನೆನಪಿದೆ, ಅಷ್ಟು ಸಾಕಾಗುತ್ತೆ ಅಂತ. ಆ ದಿನ ನಾನು ಹೇಳಿದ್ದೆಲ್ಲ ನೆನಪಿಂದ. ಮುಗ್ಗಲು ಅಂದ್ರಲ್ಲ ನೀವು, ಆಗ್ಲೇ ಹೇಳಬೇಕಾಗಿತ್ತು."

ಅವರು ಬೂಟು ಹಾಕಿಕೊಂಡು ಎದ್ದರು.

"ಮಾಲೀಕರಿಗೆ ಹೇಳೋದು ನನ್ನ ಕೆಲಸ, ನಿಮ್ಮದಲ್ಲ. ಇವತ್ತೇ ಹೇಳ್ತೀನಿ. ಮೊದಲು ಟ್ಯಾಂಕ್ ನೋಡೋಣ."

ಆ ಹೊತ್ತು ನಡೆದ ಕೆಲಸದಂಥದ್ದನ್ನು ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ. ಲೋಟ ನನ್ನ ಕೈಯಲ್ಲಿ, ಪ್ರಶ್ನೆ ಅವರ ಬಾಯಲ್ಲಿ.

"ಬರೀ ಮೊಟ್ಟೆನಾ, ಅದರ ಕೆಳಗೆ ಬೇರೇನಾದ್ರೂ ಇದೆಯಾ?"

"ಇದೆ. ಸಣ್ಣಗೆ. ಹೆಚ್ಚಿಟ್ಟ ಈರುಳ್ಳಿ ಹೊತ್ತು ಕಳೆದ ಮೇಲೆ ಬರುತ್ತಲ್ಲ, ಹಾಗೆ."

"ಲೋಟ ಅಲ್ಲಾಡಿಸಿ. ಈಗ?"

"ಮೊಟ್ಟೆ ಕಡಿಮೆ ಆಯ್ತು. ಈರುಳ್ಳಿ ಹಾಗೇ ಇದೆ."

"ಹಾಗಾದ್ರೆ ಗಾಳಿಗೆ ಹೋಗೋದು ಜಾಸ್ತಿ ಇದೆ, ಉಳಿಯೋದು ಕಡಿಮೆ. ಒಳ್ಳೆಯದು. ಸಕ್ಕರೆ ಎಷ್ಟು ಉಳಿದಿದೆ?"

ಸಕ್ಕರೆ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಹುದುಗು ಜೋರಾಗಿರುವಾಗ ಸ್ವಲ್ಪ ಗಾಳಿ ಕೊಟ್ಟರೆ ಈಸ್ಟೇ ಅದನ್ನು ಬಳಸಿಕೊಳ್ಳುತ್ತದೆ, ವೈನಿಗೆ ಏಟಾಗುವುದಿಲ್ಲ. ಹುದುಗು ಮುಗಿಯುತ್ತ ಬಂದರೆ ಆ ಅವಕಾಶ ಹೋಗುತ್ತದೆ. ಟ್ಯಾಂಕಿನ ತಳದಿಂದ ಪೈಪು ಹಾಕಿ, ಅಗಲ ಬಾಯಿಯ ಸ್ಟೀಲ್ ತೊಟ್ಟಿಗೆ ಎತ್ತರದಿಂದ ಸುರಿಸಿ, ಅಲ್ಲಿಂದ ಪಂಪಿನಲ್ಲಿ ಮತ್ತೆ ಟ್ಯಾಂಕಿನ ಮೇಲಕ್ಕೆ ಕಳಿಸಿದೆವು. ಈಸ್ಟಿಗೆ ಪೋಷಕಾಂಶ ಬೆರೆಸಿದೆವು. ಬಾಗಿಲು ಕಿಟಕಿ ತೆರೆದಿಟ್ಟರೂ ಸೆಲ್ಲಾರಿನ ತುಂಬ ಆ ನಾತ. ಕೆಲಸದವರು ಮೂಗಿಗೆ ಟವೆಲ್ ಕಟ್ಟಿಕೊಂಡರು. ಸಲಹೆಗಾರರು ಒಬ್ಬರೇ ತೊಟ್ಟಿಯ ಮೇಲೆ ಬಗ್ಗಿ, ನೊರೆಯ ಬಣ್ಣ ನೋಡುತ್ತ ನಿಂತಿದ್ದರು.

ಸಂಜೆ ಮನೆಗೆ ಹೋದಾಗ ಅಮ್ಮ ಬಾಗಿಲಲ್ಲೇ ತಡೆದಳು. "ಏನೇ ಇದು, ಯಾವ ಮೋರಿಗೆ ಬಿದ್ದಿದ್ದೆ? ಹಿಂದಿನ ಬಾಗಿಲಿಂದ ಬಾ, ನೀರು ಕಾಯಿಸಿದೀನಿ."

ಅಪ್ಪ ಮಗ್ಗ ನಿಲ್ಲಿಸಿ ಇಣುಕಿ, "ಹಣ್ಣಿನ ರಸ ಕೆಟ್ಟೋಯ್ತೇನವ್ವಾ?" ಎಂದರು.

"ಇನ್ನೂ ಇಲ್ಲಪ್ಪಾ" ಎಂದೆ.

ಮರುದಿನ ಮಾಲೀಕರು ಬೆಂಗಳೂರಿನಿಂದ ಬಂದರು. ಸಲಹೆಗಾರರು ಅವರಿಗೆ ಆಗಲೇ ಎಲ್ಲವನ್ನೂ ಹೇಳಿದ್ದರು. ಮೂವರೂ ರುಚಿ ನೋಡುವ ಕೋಣೆಯಲ್ಲಿ ಕೂತೆವು. ಮಾಲೀಕರು ಅವರ ಮುಖ ನೋಡದೆ, ಕನ್ನಡದಲ್ಲಿ ನನ್ನನ್ನೇ ಕೇಳಿದರು.

"ಮೂಗಿಲ್ಲದೆ ವೈನ್ ಮಾಡೋಕೆ ಅಲ್ಲಿಂದ ಇಲ್ಲಿಗೆ ಬಂದಿದಾರಾ? ನಿಮಗೆ ಯಾವಾಗ ಗೊತ್ತಾಯ್ತು?"

"ನಿನ್ನೆ ಸರ್. ಅದಕ್ಕೂ ಮುಂಚೆ ಅನುಮಾನ ಇತ್ತು."

"ಈಗ ಏನ್ ಮಾಡ್ಲಿ? ನಾಳೆನೇ ಟಿಕೆಟ್ ಮಾಡಿಸಿ ಕಳಿಸಿಬಿಡ್ಲಾ?"

ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಲಹೆಗಾರರಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿದಿತ್ತು, ಕಿಟಕಿಯಾಚೆ ನೋಡುತ್ತ ಕೂತಿದ್ದರು. 'ಕಳಿಸಿ' ಅಂದಿದ್ದರೆ ನನಗೆ ಸುಲಭವಿತ್ತು. ಟ್ಯಾಂಕು ಕೆಟ್ಟರೆ ಹೊಣೆ ಅವರ ತಲೆಗೆ ಹೋಗುತ್ತಿತ್ತು.

"ಸರ್, ವಾಸನೆ ಹಿಡಿಯೋಕೆ ನಾನಿದೀನಿ. ಆದ್ರೆ ಆ ವಾಸನೆ ಯಾಕೆ ಬಂತು, ಮುಂದೆ ಯಾವ ಕಡೆ ತಿರುಗುತ್ತೆ ಅನ್ನೋದು ಅವರಿಗೆ ಗೊತ್ತು. ನಿನ್ನೆ ಅವರು ಕೇಳಿದ ಪ್ರಶ್ನೆಗಳು ನನಗೆ ಹೊಳೀತಿರ್ಲಿಲ್ಲ. ಈ ಟ್ಯಾಂಕ್ ಮುಗಿಯೋವರೆಗೂ ಇಬ್ರೂ ಬೇಕು."

"ಕೆಟ್ರೆ?"

"ಇವತ್ತಿಂದ ಕೊನೇ ತೀರ್ಮಾನ ನನ್ನದು ಅಂತ ಇಟ್ಕೊಳ್ಳಿ. ಕೆಟ್ರೆ ನನ್ನನ್ನೇ ಕೇಳಿ."

ಮಾಲೀಕರು ಲೋಟ ಪಕ್ಕಕ್ಕೆ ಸರಿಸಿ, "ಆಯ್ತು" ಎಂದಷ್ಟೇ ಹೇಳಿ ಎದ್ದರು. ಹೋಗುವಾಗ ಸಲಹೆಗಾರರ ಕೈ ಕುಲುಕಲಿಲ್ಲ.

ಗಾಳಿಯಾಡಿಸಿದ ಮೇಲೆ ಮೊಟ್ಟೆಯ ವಾಸನೆ ಇಳಿಯಿತು. ಹುದುಗು ನಿಧಾನವಾಗಿ ಮುಗಿಯಿತು. ಒಂದೆರಡು ದಿನ ವೈನು ಶುದ್ಧವಾಗಿತ್ತು, ಆಮೇಲೆ ಮತ್ತೆ ಸಣ್ಣಗೆ ಶುರುವಾಯಿತು. ಮೇಲಿನ ನಲ್ಲಿಯಿಂದ ಹಿಡಿದರೆ ಕಡಿಮೆ, ಕೆಳಗಿನ ನಲ್ಲಿಯಿಂದ ಹಿಡಿದರೆ ಹೆಚ್ಚು. ತಳದಲ್ಲಿ ಸತ್ತ ಈಸ್ಟಿನ ಗಷ್ಟು ಕೂತಿತ್ತು. ಎಷ್ಟೇ ಕೆಸರು ಬಿಟ್ಟಿದ್ದರೂ ದಾಟಿ ಬಂದ ಗಂಧಕ ಆ ಗಷ್ಟಿನಲ್ಲೇ ಇದೆ ಎಂದು ನನಗೆ ಅನ್ನಿಸಿತು.

ಇಲ್ಲಿ ನಮ್ಮಿಬ್ಬರಿಗೆ ಜಗಳ ಬಿತ್ತು. ಸಲಹೆಗಾರರ ಯೋಜನೆಯಲ್ಲಿ ಆ ಗಷ್ಟೇ ಮುಖ್ಯವಾಗಿತ್ತು. ವೈನನ್ನು ತಿಂಗಳುಗಟ್ಟಲೆ ಅದರ ಮೇಲೆ ಬಿಟ್ಟು, ಆಗಾಗ ಕದಡುತ್ತಿದ್ದರೆ ಬಾಯಿಗೆ ತುಂಬಿಕೊಳ್ಳುವ ಗುಣ ಬರುತ್ತದೆ. ಅವರ ಕರಾವಳಿಯ ವೈನಿಗೆ ಆ ಉಪ್ಪುಪ್ಪಾದ ಮೈ ಬರುವುದರಲ್ಲಿ ಅದರ ಪಾಲೂ ಇದೆ.

"ಗಷ್ಟು ತೆಗೆದ್ರೆ ನೀರಾಗುತ್ತೆ" ಎಂದರು. "ಮೈಯೇ ಇಲ್ಲದ ವೈನು. ಮಾಲೀಕರು ಕುಡಿದ ಆ ವೈನಿನ ಹತ್ತಿರಕ್ಕೂ ಬರಲ್ಲ. ಇನ್ನೊಂದು ಸಲ ಗಾಳಿ ಕೊಟ್ಟು ನೋಡೋಣ."

"ಹುದುಗು ಮುಗಿದಿದೆ ಸರ್. ಈಗ ಗಾಳಿ ಕೊಟ್ರೆ ಇರೋ ಪರಿಮಳಾನೂ ಹೋಗುತ್ತೆ. ಈರುಳ್ಳಿ ಹೆಚ್ಚಾಗ್ತಿದೆ. ನಾನು ಗಷ್ಟು ಬಿಟ್ಟು ಬೇರೆ ಟ್ಯಾಂಕಿಗೆ ಹಾಕ್ತೀನಿ."

"ಎಷ್ಟು ಹೆಚ್ಚಾಗಿದೆ?"

"ನಿನ್ನೆ ಹುಡುಕಬೇಕಾಗಿತ್ತು. ಇವತ್ತು ಹುಡುಕೋದು ಬೇಡ."

ಅವರು ಲೋಟ ತೆಗೆದುಕೊಂಡು ಮೂಗಿಗೆ ಹಿಡಿದರು. ಅಭ್ಯಾಸ. ಹಾಗೇ ಕೆಳಗಿಳಿಸಿದರು. "ನಿಮ್ಮ ತೀರ್ಮಾನ" ಎಂದು ಹೊರಗೆ ಹೋದವರು ಆ ದಿನವಿಡೀ ನನ್ನೊಂದಿಗೆ ಮಾತಾಡಲಿಲ್ಲ. ನಾನು ತಿಳಿ ವೈನನ್ನು ಗಾಳಿ ಸೋಕದಂತೆ ಬೇರೆ ಟ್ಯಾಂಕಿಗೆ ಇಳಿಸಿ, ಗಷ್ಟನ್ನು ಮೋರಿಗೆ ತೊಳೆಸಿದೆ. ತೊಳೆಯುವಾಗ ಎದ್ದ ನಾತಕ್ಕೆ ಇದ್ದ ಒಂದಿಷ್ಟು ಅನುಮಾನವೂ ಹೋಯಿತು.

ಆದರೂ ಈರುಳ್ಳಿಯ ಸುಳಿವು ಪೂರ್ತಿ ಬಿಟ್ಟಿರಲಿಲ್ಲ. ಅದಕ್ಕೆ ಉಳಿದ ದಾರಿ ಮೈಲುತುತ್ತ. ಶುದ್ಧ ಮಾಡಿದ ಮೈಲುತುತ್ತವನ್ನು ಎಣಿಕೆಗೆ ಸಿಗದಷ್ಟು ಕಡಿಮೆ ಪ್ರಮಾಣದಲ್ಲಿ ಹಾಕಿದರೆ ಆ ವಾಸನೆಯನ್ನು ಹಿಡಿದು ಕೂರಿಸುತ್ತದೆ, ಆಮೇಲೆ ಸೋಸಿ ತೆಗೆಯಬಹುದು. ಮೊದಲು ಲೋಟಗಳಲ್ಲಿ ಪರೀಕ್ಷೆ ಮಾಡಬೇಕು. ಒಂದರಲ್ಲಿ ಹಾಗೇ ವೈನು, ಉಳಿದವುಗಳಲ್ಲಿ ಏರುತ್ತಾ ಹೋಗುವ ಪ್ರಮಾಣ. ಲೋಟಗಳನ್ನು ಜೋಡಿಸುತ್ತಿದ್ದಾಗ ಮೇಸ್ತ್ರಿ ಬಂದು ನೀಲಿ ನೀರಿನ ಸೀಸೆ ನೋಡಿದರು.

"ಇದೇನ್ ಮೇಡಂ, ನಾವು ಸುಣ್ಣದ ಜೊತೆ ಕಲಸಿ ಬಳ್ಳಿಗೆ ಹೊಡೆಯೋ ಮೈಲುತುತ್ತ ಅಲ್ವಾ?" ಎಂದವರು ದನಿ ತಗ್ಗಿಸಿ ಕೇಳಿದರು: "ನಾನು ಗಂಧಕ ಹೊಡ್ದಿದ್ಕೇ ಹಿಂಗಾಯ್ತಾ?"

"ಹೊಡೀದಿದ್ರೆ ಬೂದಿ ರೋಗ ತಿಂದ್ಹಾಕ್ತಿತ್ತು. ಮಳೆ ಬರದಿದ್ರೆ ಏನೂ ಆಗ್ತಿರ್ಲಿಲ್ಲ. ಮೂರೂ ಜನ ಸೇರಿ ತಾನೇ ಹೇಳಿದ್ದು."

ಹಿಂದಿನಿಂದ ಸಲಹೆಗಾರರ ದನಿ ಬಂತು. ಯಾವಾಗ ಬಂದರೋ, 'ಗಂಧಕ' ಎಂಬ ಪದವೊಂದು ಅಷ್ಟರಲ್ಲಿ ಅವರಿಗೂ ಗುರುತಾಗಿತ್ತು. "ಅವರಿಗೆ ಹೇಳಿ, ನಮ್ಮ ಊರಲ್ಲಿ ನನಗೂ ಹೀಗಾಗಿದೆ. ಒಂದಕ್ಕಿಂತ ಹೆಚ್ಚು ಸಲ." ಹೇಳಿದೆ. ಮೇಸ್ತ್ರಿ ನಕ್ಕರು.

ಆಮೇಲೆ ಸಲಹೆಗಾರರು ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತರು. ಎಲ್ಲಕ್ಕಿಂತ ಕಡಿಮೆ ಹಾಕಿದ ಲೋಟದಲ್ಲೇ ಈರುಳ್ಳಿ ಹೋಗಿತ್ತು. ಅದು ಹೋದ ಮೇಲೆ, ಇಷ್ಟು ದಿನ ಅದರ ಅಡಿಯಲ್ಲಿ ಏನಿತ್ತೆಂದು ಮೊದಲ ಸಲ ತಿಳಿಯಿತು.

"ಹೇಳಿ" ಎಂದರು. "ನನ್ನ ಪದ ಬೇಡ. ನಿಮ್ಮದು ಹೇಳಿ."

"ಗಜನಿಂಬೆ ಸಿಪ್ಪೆ. ಅರೆ ಹಣ್ಣಾದ ಸೀಬೆಕಾಯಿ. ಆಮೇಲೆ... ನಗಬೇಡಿ, ಹೊಸ ಸೀರೆಯ ಗಂಜಿ."

"ಗಂಜಿ ಅಂದ್ರೆ?"

ನೂಲು ಬಿರುಸಾಗಲೆಂದು ಅದನ್ನು ಗಂಜಿಯಲ್ಲಿ ಅದ್ದಿ ಒಣಗಿಸುವುದನ್ನು ವಿವರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಬಾಯಿಗೆ ಹಾಕಿ ಬಹಳ ಹೊತ್ತು ಇಟ್ಟುಕೊಂಡು, "ಮೈ ಇಲ್ಲ, ನಾನು ಹೇಳಿದ ಹಾಗೇ" ಎಂದರು. "ಆದ್ರೆ ನೆಟ್ಟಗಿದೆ. ನೀವು ಮಾಡಿದ್ದು ಸರಿ."

ಬೇಸಿಗೆ ಏರುವ ಹೊತ್ತಿಗೆ ವೈನು ತಿಳಿಯಾಗಿ ನಿಂತಿತು. ಮಾಲೀಕರು ಬಂದು, ಸಾರ್ಡಿನಿಯಾದ ಬಾಟಲಿಯ ಪಕ್ಕದಲ್ಲೇ ನಮ್ಮದನ್ನು ಇಟ್ಟು ಕುಡಿದರು. ಒಮ್ಮೆ ಅದು, ಒಮ್ಮೆ ಇದು.

"ಅದರಷ್ಟು ಉಪ್ಪಿಲ್ಲ ಇದರಲ್ಲಿ" ಎಂದರು ಕೊನೆಗೆ. "ತೆಳ್ಳಗಿದೆ. ಆದ್ರೆ ಎರಡನೇ ಲೋಟ ಬೇಕು ಅನ್ನಿಸ್ತಿದೆ."

ಮೇಲಿನ ಇಳಿಜಾರಿನ ಬಳ್ಳಿಗಳನ್ನು ಉಳಿಸಿಕೊಳ್ಳುವುದು, ಕೆರೆ ಏರಿಯ ಪಕ್ಕದ ತಗ್ಗಿನ ಸಾಲುಗಳಿಗೆ ಮಾತ್ರ ಬೇರೆ ತಳಿ ಕಸಿ ಕಟ್ಟುವುದು ಎಂದು ತೀರ್ಮಾನವಾಯಿತು. ಮೇಸ್ತ್ರಿಗೆ ಸುದ್ದಿ ಹೇಳಿದಾಗ, "ತಗ್ಗಿನವು ಹೋದ್ರೆ ಹೋಗ್ಲಿ ಬಿಡಿ, ಅವು ಕಾಟ ಕೊಡ್ತಿದ್ವು" ಎಂದರು. ಕಸಿ ಕಟ್ಟುವ ದಿನ ಮಾತ್ರ ಅವರು ಆ ಕಡೆ ಸುಳಿಯಲಿಲ್ಲ, ಬೇರೆಯವರನ್ನು ಕಳಿಸಿದರು. ಮಾಲೀಕರು ಸಲಹೆಗಾರರಿಗೆ ಮುಂದಿನ ವರ್ಷಕ್ಕೆ ಬನ್ನಿ ಎನ್ನಲಿಲ್ಲ. ಆದರೆ ಈ ಸಲ ಕೈ ಕುಲುಕಿದರು.

ಅವರನ್ನು ವಿಮಾನ ನಿಲ್ದಾಣಕ್ಕೆ ಬಿಡಲು ನಾನೇ ಕಾರು ಓಡಿಸಿದೆ. ಆಫೀಸಿನ ಮ್ಯಾನೇಜರ್ ಡ್ರೈವರನ್ನು ಕಳಿಸುತ್ತೇನೆಂದಿದ್ದರು, ನಾನು ಬೇಡ ಎಂದೆ. ಮಧ್ಯಾಹ್ನದ ವಿಮಾನ, ಸಮಯ ಬೇಕಾದಷ್ಟಿತ್ತು. ದೇವನಹಳ್ಳಿ ದಾಟಿ ರಸ್ತೆ ಬದಿಯ ಒಂದು ದರ್ಶಿನಿಯ ಮುಂದೆ ನಿಲ್ಲಿಸಿದೆ. ಊರಿಗೆ ಹೋದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದೆ. ಮಗನಿಗೂ ಪಕ್ಕದ ತೋಟದವರಿಗೂ ವಿಷಯ ಹೇಳುತ್ತೇನೆ, ಆಮೇಲೆ ಏನಾಗುತ್ತೋ ನೋಡೋಣ ಎಂದರು.

ಎರಡು ಫಿಲ್ಟರ್ ಕಾಫಿ ಬಂತು. ಸ್ಟೀಲ್ ಲೋಟವನ್ನು ಅವರು ಬಾಯಿಯ ಹತ್ತಿರಕ್ಕೆ ತಂದವರು ಹಾಗೇ ನಿಂತರು. ಹುಬ್ಬು ಗಂಟಿಕ್ಕಿತು. ಲೋಟ ದೂರ ಹಿಡಿದರು, ಮತ್ತೆ ಹತ್ತಿರ ತಂದರು.

"ಇದು ಸೀದಿದೆ" ಎಂದರು. "ಟೈರ್ ಸುಟ್ಟ ಹಾಗೆ."

ನಾನು ನನ್ನ ಲೋಟ ಮೂಸಿದೆ. ಅವರ ಲೋಟ ಇಸಿದುಕೊಂಡು ಅದನ್ನೂ ಮೂಸಿದೆ. ಹಾಲು ಹದವಾಗಿ ಬೆರೆತ, ಆಗ ತಾನೇ ಇಳಿಸಿದ ಡಿಕಾಕ್ಷನ್.

"ಇಲ್ಲ ಸರ್. ಕಾಫಿ ಚೆನ್ನಾಗೇ ಇದೆ."

"ಇಲ್ಲ, ಬಹಳ ಕೆಟ್ಟ..." ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದರು. ನಾನೂ ಅವರ ಮುಖ ನೋಡಿದೆ.

"ಬಹಳ ಕೆಟ್ಟ ವಾಸನೆ" ಎಂದರು ಮತ್ತೆ, ಈ ಸಲ ಮೆಲ್ಲಗೆ. ಕಣ್ಣು ತುಂಬಿತ್ತು.

ಕೌಂಟರಿನಾತ ಅವರ ಮುಖ ನೋಡಿ ಗಾಬರಿಯಾಗಿ, "ಯಾಕ್ ಸಾರ್, ಕಾಫಿ ಚೆನ್ನಾಗಿಲ್ವಾ? ಬೇರೆ ಹಾಕ್ಕೊಡ್ಲಾ?" ಎಂದ.

"ಬೇಡಣ್ಣ" ಎಂದೆ. "ಅವರಿಗೆ ಇದೇ ಇರಲಿ."

ಅವರು ಎರಡೂ ಕೈಯಲ್ಲಿ ಲೋಟ ಹಿಡಿದು, ಮೂಗನ್ನು ಪೂರ್ತಿ ಒಳಗಿಟ್ಟು, ಪ್ರತಿ ಗುಟುಕಿಗೂ ಮುಖ ಹಿಂಡುತ್ತ ಕೊನೆಯ ಹನಿಯವರೆಗೆ ಕುಡಿದರು. ಆಮೇಲೆ ಇನ್ನೊಂದು ಕಾಫಿ ಹೇಳಿದರು.